ಪೆಟ್ಟಿಗೆಯ ನಾಲ್ಕನೆಯ ಮೂಲೆ

ಮೂವರು ನೆರೆಯವರು ಶವಪೆಟ್ಟಿಗೆಯ ಹಿಡಿಗಳಿಗೆ ಕೈ ಹಾಕಿ ಬಾಗಿದ್ದರು. ನಾಲ್ಕನೆಯ ಮೂಲೆ ಖಾಲಿ ಇತ್ತು. ಅವರು ಬಾಗಿದಂತೆಯೇ ತಲೆಯೆತ್ತಿ ಸತ್ತವಳ ಗಂಡ ಗೂಲ್ವೆನ್‌ನ ಮುಖ ನೋಡಿದರು.

ಫ್ರಾನ್ಸಿನ ಬ್ರಿಟನಿಯ ಆ ಕಡಲೂರಿನಲ್ಲಿ ಸತ್ತವರನ್ನು ಮನೆಯಿಂದ ಇಗರ್ಜಿಗೆ ಹೊರುವವರು ನೆರೆಯವರು. ಪೆಟ್ಟಿಗೆಯ ತಲೆಯ ಬಲಗಡೆಯ ಮೂಲೆ ಗೋಡೆಗೆ ಗೋಡೆ ತಾಗಿದ ಪಕ್ಕದ ಮನೆಯವರ ಪಾಲು. ಆ ಮನೆಯ ಡಾಕ್ಟರ್ ಮೊರ್ವಾನ್ ಟೋಪಿ ಕೈಯಲ್ಲಿ ಹಿಡಿದು ಗೇಟಿನಾಚೆಯೇ ನಿಂತಿದ್ದರು.

"ಆ ಮನುಷ್ಯ ಅಮ್ಮನ್ನ ಮುಟ್ಟಕೂಡದು ಅಪ್ಪ," ಎಂದಳು ಮಗಳು ಕತೆಲ್. "ಅವರು ಕೊಟ್ಟ ಮಾತ್ರೆನೇ ಅವಳನ್ನ ತಿಂದಿದ್ದು."

ಬೆಸ್ತರ ಫಾಂಶ್ ಸೊಂಟ ನೇರ ಮಾಡಿಕೊಂಡ. "ಏನಾದ್ರೂ ಬೇಗ ತೀರ್ಮಾನ ಮಾಡ್ರಪ್ಪ. ಮೂರೇ ಜನ ಎತ್ತಿ ಓರೆ ಆದ್ರೆ ಆರ್ಮೆಲ್ ಎದ್ದು ಕೂತು ಬೈತಾಳೆ."

ಗೂಲ್ವೆನ್‌ಗೆ ಹೆಂಡತಿಯ ದನಿ ಕೇಳಿದಂತಾಯಿತು.

*

ದೋಣಿ ನಿಲ್ಲುವ ದಕ್ಕೆಯ ಬಳಿ ಆರ್ಮೆಲ್‌ಳ ದೋಸೆಯಂಗಡಿ. ದೋಸೆ ಕಾಗದದಷ್ಟು ತೆಳು, ಆಕೆ ಮಾತ್ರ ಬಾಗಿಲ ತುಂಬ. ಸಕ್ಕರೆ ಕಾಯಿಲೆ ಬೇರೆ ಹಣಕಿ ಹಾಕಿತ್ತು. ಶುಕ್ರವಾರ ತಪ್ಪದೆ ಬರುತ್ತಿದ್ದ ಡಾಕ್ಟರು ಬೆಣ್ಣೆ ಬಿಡು ಎನ್ನುವರು. ಆಕೆ ಅವರ ತಟ್ಟೆಗೇ ಇನ್ನಷ್ಟು ಬೆಣ್ಣೆ ಹಾಕುವಳು.

"ನನ್ನ ಪೆಟ್ಟಿಗೆ ಹೊರೋರು ನೀವೇ ತಾನೇ ಡಾಕ್ಟ್ರೇ? ಅವತ್ತು ಗೊತ್ತಾಗತ್ತೆ ನನ್ನ ಬೆಣ್ಣೆ ಭಾರ."

"ಅದಕ್ಕೇ ಈ ಮಾತ್ರೆ ಬರೆದಿದೀನಿ ತಾಯಿ. ನನ್ನ ಸೊಂಟ ನಾನು ಉಳಿಸ್ಕೋಬೇಡವೇ?"

ಮಾತ್ರೆ ಕೆಲಸ ಮಾಡಿತು. ಆಕೆಯ ಮೈ ಇಳಿಯಿತು, ಹೊಸ ಲಂಗ ಹೊಲಿಸಿದಳು. ವರ್ಷಗಳು ಕಳೆದ ಮೇಲೆ ದಕ್ಕೆಯ ಏರು ಹತ್ತುವಾಗ ಉಸಿರು ಕಟ್ಟತೊಡಗಿತು. ಹೃದಯದ ಕವಾಟ ದಪ್ಪಗಾಗಿ ಸರಿಯಾಗಿ ಮುಚ್ಚುತ್ತಿಲ್ಲ ಎಂದು ಪಟ್ಟಣದ ಆಸ್ಪತ್ರೆಯಲ್ಲಿ ಹೇಳಿದರು. ಕೊಯ್ದು ಹೊಲಿದರೂ ಮೊದಲಿನಂತಾಗಲಿಲ್ಲ. ಆ ಮಾತ್ರೆಯಿಂದಲೇ ಹಾಗಾಗುತ್ತದೆಂದು ದೇಶಕ್ಕೆಲ್ಲ ತಿಳಿದ ದಿನ ಡಾಕ್ಟರು ಹಿತ್ತಲ ಬಾಗಿಲಿಗೆ ಬಂದು ತಾವಾಗಿಯೇ ಹೇಳಿದರು.

"ನಿಮಗೆ ಮೊದಲೇ ಗೊತ್ತಿತ್ತಾ?" ಎಂದಳು ಆರ್ಮೆಲ್.

"ಇಲ್ಲ."

"ಮತ್ತೆ ಕೂತ್ಕೊಳ್ಳಿ. ದೋಸೆ ಆರಿಹೋಗತ್ತೆ."

ಅವರು ಕೂರಲಿಲ್ಲ, ಆಮೇಲೆ ಅಂಗಡಿಗೂ ಬರಲಿಲ್ಲ. ಆಕೆ ಮಾತ್ರ ಹಾಸಿಗೆ ಹಿಡಿಯುವ ತನಕ ಶುಕ್ರವಾರಕ್ಕೊಂದು ದೋಸೆ ಮುಚ್ಚಿಡುತ್ತಿದ್ದಳು. ಸಂಜೆ ಅದನ್ನು ಗೂಲ್ವೆನ್ ತಿನ್ನುತ್ತಿದ್ದ.

*

ಗೂಲ್ವೆನ್ ಗೇಟಿಗೆ ನಡೆದ.

"ಒಳಗೆ ಬನ್ನಿ ಡಾಕ್ಟ್ರೇ. ನಿಮ್ಮ ಹೆಸರು ಅವಳೇ ಹೇಳಿ ಹೋಗಿದಾಳೆ."

ಡಾಕ್ಟರು ಕತೆಲ್‌ಳನ್ನು ನೋಡಿದರು. ಅವಳು ಕೈ ಚಾಚಿ ಅವರ ಟೋಪಿ ತೆಗೆದುಕೊಂಡಳು.

ಅವರು ನಾಲ್ಕನೆಯ ಮೂಲೆಗೆ ಬಂದರು. ಕಾಲು ಅಗಲಿಸಿ, ಮಂಡಿ ಮಡಚಿ, ದೊಡ್ಡ ಭಾರಕ್ಕೆ ಸಜ್ಜಾಗುವವರಂತೆ ಉಸಿರು ತುಂಬಿಕೊಂಡರು. ಫಾಂಶ್ "ಹೂಂ" ಎಂದ.

ಎಣಿಸಿದಷ್ಟು ಭಾರ ಇರಲಿಲ್ಲ. ಡಾಕ್ಟರ ಮೂಲೆ ಮಿಕ್ಕ ಮೂರಕ್ಕಿಂತ ಒಂದು ಗೇಣು ಮೇಲೆ ಹಾರಿ ನಿಂತಿತು. ಅವರು ಬೆಚ್ಚಿ ಪೆಟ್ಟಿಗೆಯನ್ನು ನೋಡಿದರು. ಇಳಿಸಲಿಲ್ಲ. ಉಳಿದ ಮೂವರು ತಮ್ಮ ಮೂಲೆಗಳನ್ನು ನಿಧಾನವಾಗಿ ಅಲ್ಲಿಯವರೆಗೆ ಎತ್ತಿದರು.