ಹಿಂದಿನವನ ದೀಪ

ಸುಕೇಶ ಎಡಗೈ ಎತ್ತಿದ್ದು ಮೂಗು ತುರಿಸಿಕೊಳ್ಳಲು. ಹೆಲ್ಮೆಟ್ಟಿನೊಳಗೆ ಬೆವರು ಇಳಿದು ಮೂಗಿನ ತುದಿ ಚುರುಗುಟ್ಟುತ್ತಿತ್ತು. ಬೆರಳು ಒಳಗೆ ತೂರಿಸಬೇಕು ಎನ್ನುವಷ್ಟರಲ್ಲಿ ಕಣ್ಣು ಕನ್ನಡಿಯತ್ತ ಹೋಯಿತು. ಹಿಂದೆ ಬರುತ್ತಿದ್ದ ಮಂಜುನಾಥ ಎಡಗೈ ಎತ್ತಿದ್ದ. ಅವನ ಹಿಂದಿನವನೂ ಎತ್ತಿದ್ದ, ಅವನ ಹಿಂದಿನವಳೂ ಎತ್ತಿದ್ದಳು. ಜಿಎಸ್‌ಟಿ ಹೆದ್ದಾರಿಯುದ್ದಕ್ಕೂ ಇಪ್ಪತ್ತೆರಡು ಎಡಗೈಗಳು ಮೇಲೆದ್ದವು, ಇಪ್ಪತ್ತೆರಡು ಬೈಕುಗಳು ಒಟ್ಟಿಗೇ ನಿಧಾನವಾದವು. ಅವುಗಳ ಬೆನ್ನಿಗಿದ್ದ ಸರ್ಕಾರಿ ಬಸ್ಸು ಹಾರ್ನ್ ಬಡಿದು ಬಡಿದು ಬೈದುಕೊಂಡು ಮುಂದೆ ಹೋಯಿತು.

ಮುಂದಿನವನು ಕೈ ಎತ್ತಿದರೆ ನಿಧಾನ, ಮುಷ್ಟಿ ಹಿಡಿದರೆ ನಿಲ್ಲಬೇಕು, ಕಾಲು ಚಾಚಿದರೆ ಆ ಕಡೆ ಗುಂಡಿಯಿದೆ ಎಂದರ್ಥ. ಸನ್ನೆಯನ್ನು ಒಬ್ಬರಿಂದೊಬ್ಬರು ಹಿಂದಕ್ಕೆ ದಾಟಿಸಬೇಕು. ಇದು ಅವರ ಬೈಕ್ ಕ್ಲಬ್ಬಿನ ಕಾನೂನು. ಮುಂದಿನವನಿಗೂ ಒಂದು ಮೂಗಿದೆ, ಅದೂ ತುರಿಸೀತು ಎಂದು ಕಾನೂನು ಬರೆದವರಿಗೆ ಹೊಳೆದಿರಲಿಲ್ಲ. ಸುಕೇಶ ಕೈ ಇಳಿಸಿದ. ಮೂಗು ಚೆಂಗಲ್ಪಟ್ಟಿನವರೆಗೂ ತುರಿಸುತ್ತಲೇ ಇತ್ತು.

ಗಾಡಿ ಅವನದಲ್ಲ, ಅಣ್ಣ ಸಂತೋಷನದು. ಮೈಮೇಲಿನ ಜಾಕೆಟ್ಟೂ ಅಣ್ಣನದೇ, ಭುಜದ ಹತ್ತಿರ ಎರಡು ಬೆರಳು ದೊಡ್ಡದು. ಸುಕೇಶನಿಗೆ ಗೊತ್ತಿದ್ದ ಸವಾರಿಯೆಂದರೆ ಬೆಳಗ್ಗೆ ಸ್ಕೂಟರಿನಲ್ಲಿ ಕೋಯಂಬೇಡು ಮಾರ್ಕೆಟ್ಟಿಗೆ ಹೋಗಿ, ಕಾಲ ಬಳಿ ತರಕಾರಿ ಮೂಟೆ ಇಟ್ಟುಕೊಂಡು ವೆಸ್ಟ್ ಮಾಂಬಲಂಗೆ ಮರಳುವುದು. ಅಲ್ಲಿ ಸ್ಟೇಷನ್ನಿನ ಹತ್ತಿರದ ಗಲ್ಲಿಯಲ್ಲಿ ಅವರ ಹೋಟೆಲು. ಭಾನುವಾರ ಬಂತೆಂದರೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ದೋಸೆಕಲ್ಲಿನ ಮುಂದೆ ನಿಂತರೆ ಸುಕೇಶ ರಾಜ, ಒಮ್ಮೆಗೆ ಎಂಟು ದೋಸೆ ಹೊಯ್ದು ಒಂದನ್ನೂ ಸೀಯಗೊಡುವವನಲ್ಲ. ಈ ಇನ್ನೂರು ಕಿಲೋ ಕಬ್ಬಿಣದ ಮೇಲೆ ಕೂತರೆ ಮಾತ್ರ ಎರಡೂ ಕಾಲು ನೆಲಕ್ಕೆ ತಾಗುತ್ತಿವೆಯೇ ಎಂದು ಮತ್ತೆ ಮತ್ತೆ ನೋಡಿಕೊಳ್ಳುತ್ತಾನೆ.

ಸಂತೋಷ ಸತ್ತು ನಾಲ್ಕು ವರ್ಷವಾಯಿತು. ಈ ಕ್ಲಬ್ಬು ಕಟ್ಟಿದವನೇ ಅವನು. ಅವತ್ತು ಹೊಸಬರು ತುಂಬಾ ಇದ್ದಾರೆ, ಯಾರೂ ಹಿಂದೆ ಉಳಿಯುವುದು ಬೇಡ ಎಂದು ತಾನೇ ಕೊನೆಯಲ್ಲಿ ಬರುತ್ತಿದ್ದ. ಉತ್ತಿರಮೇರೂರಿನ ಹತ್ತಿರ ರೈತರು ರಸ್ತೆಯ ಮೇಲೆ ಹರಡಿದ್ದ ಭತ್ತದ ಹುಲ್ಲಿನಲ್ಲಿ ಚಕ್ರ ಜಾರಿ ಕಾಲುವೆಗೆ ಬಿದ್ದ. ಮುಂದೆ ಹೋದವರು ಟೀ ಕುಡಿಯುತ್ತಿದ್ದರು. ಎರಡನೆಯ ಟೀ ಬಂದ ಮೇಲೆ ಯಾರಿಗೋ ಅವನ ನೆನಪಾಯಿತು. ಅಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು.

ಅಂದಿನಿಂದ ಕ್ಲಬ್ಬಿಗೆ ಇನ್ನೊಂದು ಕಾನೂನು ಬಂತು. ಹಿಂದಿನವನ ದೀಪ ಸದಾ ನಿನ್ನ ಕನ್ನಡಿಯಲ್ಲಿರಬೇಕು, ಕಾಣದಿದ್ದರೆ ಅಲ್ಲೇ ನಿಲ್ಲು. ನೀನು ನಿಂತರೆ ನಿನ್ನ ದೀಪ ಕಾಣದೆ ನಿನ್ನ ಮುಂದಿನವನು ನಿಲ್ಲುತ್ತಾನೆ, ಆಮೇಲೆ ಅವನ ಮುಂದಿನವನು. ಇದಕ್ಕೆ 'ಸಂತೋಷ್ ರೂಲ್' ಎಂದು ಹೆಸರು. ಅದರ ಜತೆಗೇ ವರ್ಷಕ್ಕೊಂದು 'ಸಂತೋಷ್ ರೈಡ್' ಕೂಡ ಶುರುವಾಯಿತು. ಅದರಲ್ಲಿ ಸತ್ತವನ ಗಾಡಿ ಎಲ್ಲಕ್ಕಿಂತ ಮುಂದೆ ಹೋಗಬೇಕು. ಗಾಡಿ ತಾನಾಗಿ ಹೋಗುತ್ತದೆಯೇ? ಮೇಲೆ ಒಬ್ಬ ಕೂರಬೇಕಲ್ಲ!

ಇದೇ ಕೊನೆ ಎಂದು ಸುಕೇಶ ಈ ಸಲ ತೀರ್ಮಾನಿಸಿದ್ದ. ಬರುವ ತಿಂಗಳು ಅವನಿಗೆ ಮೂವತ್ತೆರಡು ತುಂಬುತ್ತದೆ. ಅಣ್ಣ ಮೂವತ್ತೊಂದಕ್ಕೇ ನಿಂತುಬಿಟ್ಟ. ಅಣ್ಣನಿಗಿಂತ ದೊಡ್ಡವನಾದ ಮೇಲೂ ಅಣ್ಣನ ಜಾಕೆಟ್ಟು ಹಾಕಿಕೊಂಡು ತಿರುಗುವುದು ಯಾಕೋ ಅವನಿಗೆ ಅಸಹ್ಯವೆನಿಸುತ್ತಿತ್ತು. ವಾರದಿಂದ ದೋಸೆ ಮಗುಚುತ್ತ ಮಗುಚುತ್ತ ಒಂದೇ ಮಾತನ್ನು ಬಾಯಿಪಾಠ ಮಾಡಿದ್ದ: 'ಮುಂದಿನ ವರ್ಷದಿಂದ ನಾನು ಬರುವುದಿಲ್ಲ, ಗಾಡಿ ಮಾರುತ್ತೇನೆ.' ಇಷ್ಟೇ. ತಿಂಡಿಗೆ ನಿಲ್ಲಿಸಿದಾಗ ಹೇಳಿಬಿಡುವುದು.

ಬೆಳಗ್ಗೆ ಹೊರಡುವಾಗ ತಾಯಿ ಜಲಜಾಕ್ಷಿ ಎಂದಿನಂತೆ ಹೋಟೆಲಿನ ಮುಂದೆ ನಿಂತು ಎಲ್ಲರಿಗೂ ಬನ್ಸ್ ಪೊಟ್ಟಣ ಹಂಚಿದ್ದಳು. ಮಂಗಳೂರು ಬನ್ಸ್ ಎಂದರೆ ಸಂತೋಷನಿಗೆ ಪ್ರಾಣವಾಗಿತ್ತು. ಸುಕೇಶನ ಪೊಟ್ಟಣವನ್ನು ಅವಳೇ ಜಾಕೆಟ್ಟಿನ ಜೇಬಿಗೆ ತುರುಕಿದಳು.

"ಎಲ್ಲರೂ ತಿಂತ್ರ್, ನೀನೊಬ್ಬ ತಿಂಬುದೇ ಇಲ್ಲ. ಪ್ರತಿ ವರ್ಷ ನಿನ್ ಪೊಟ್ಲೆ ಹಂಗೇ ವಾಪಾಸ್ ಬತ್ತ್. ಈ ಸಲ ತಿನ್ ಮಗಾ."

"ತಿಂತೆ ಅಮ್ಮ."

"ಮೆಲ್ಲ ಬಿಡ್. ಅಷ್ಟ್ ಜನ ನಿನ್ ಹಿಂದೆ ಬಪ್ಪೋರ್ ಅಲ್ದಾ?"

ಅವಳು ಗಾಡಿಯ ಟ್ಯಾಂಕು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅವಳ ಮುಂದೆ ಮಾರುವ ಮಾತು ಎತ್ತಲು ಅವನಿಗೆ ಬಾಯಿ ಬಂದಿರಲಿಲ್ಲ. ಮೊದಲು ಕ್ಲಬ್ಬಿನವರು ಒಪ್ಪಲಿ, ಆಮೇಲೆ ಅಮ್ಮ ಎಂದುಕೊಂಡಿದ್ದ.

ಪಡಾಳಂ ಕೂಡುರಸ್ತೆಯ ಟೀ ಅಂಗಡಿಯ ಮುಂದೆ ಎಲ್ಲರೂ ಗಾಡಿ ನಿಲ್ಲಿಸಿ ಪೊಟ್ಟಣ ಬಿಚ್ಚಿದರು. ಮಂಜುನಾಥ ನಡುವೆ ಬಂದು ನಿಂತ. ಮಂಡ್ಯದ ಕಡೆಯವನು, ಪೆರುಂಗುಡಿಯ ಕಂಪನಿಯೊಂದರಲ್ಲಿ ದೊಡ್ಡ ಕೆಲಸ, ಸಂತೋಷನ ಜೀವದ ಗೆಳೆಯ. ಪ್ರತಿ ವರ್ಷ ಅವನು ಇಲ್ಲಿ ಅದೇ ಮಾತಾಡುತ್ತಾನೆ. ತಮಿಳರಿಗೆ ತಮಿಳಿನಲ್ಲಿ ಒಮ್ಮೆ ಹೇಳಿ ಮುಗಿಸಿದ. ಆಮೇಲೆ ಎಂದಿನಂತೆ ಕನ್ನಡಕ್ಕೆ ಬಂದ.

"ಅವತ್ತು ಅವನ ಮುಂದೆ ಇದ್ದೋನು ನಾನು ಕಣ್ರಪ್ಪಾ. ಕನ್ನಡಿ ನೋಡ್ಲಿಲ್ಲ. ಒಂದೇ ಒಂದ್ಸಲ ನೋಡಿದ್ರೆ ಸಾಕಿತ್ತು."

ಯಾರೂ ಬನ್ಸ್ ಅಗಿಯಲಿಲ್ಲ. ಸುಕೇಶ ಎದ್ದು ನಿಂತ, ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವನು ಬಾಯಿ ತೆರೆಯುವಷ್ಟರಲ್ಲಿ ಮಂಜುನಾಥ ಚೀಲದಿಂದ ಒಂದು ಬಟ್ಟೆಯ ಬಿಲ್ಲೆ ತೆಗೆದು ಅವನ ಎದೆಗೆ ಒತ್ತಿ ಹಿಡಿದ. ಕಪ್ಪು ಬಿಲ್ಲೆಯ ಮೇಲೆ ಕೆಂಪು ದಾರದಲ್ಲಿ 'ಕ್ಯಾಪ್ಟನ್' ಎಂದು ಹೊಲಿದಿತ್ತು.

"ಎಲ್ಲಾರೂ ಸೇರಿ ತೀರ್ಮಾನ ಮಾಡಿದೀವಿ. ಈ ರೈಡಿಗೆ ನೀನಿರೋವರ್ಗೂ ನೀನೇ ಮುಂದೆ. ಇನ್ನು ಯಾರೂ ಆ ಜಾಗಕ್ಕೆ ಬರಲ್ಲ."

ಚಪ್ಪಾಳೆಯೋ ಚಪ್ಪಾಳೆ. ಟೀ ಅಂಗಡಿಯವನೂ ತಟ್ಟಿದ. ಲಿಖಿತ್ ಎಂಬ ಹೊಸ ಹುಡುಗ ಓಡಿಬಂದು ಕೈ ಕುಲುಕಿ, "ಅಣ್ಣಾ, ನಿಮ್ಮ ಬ್ರದರ್ ಸ್ಟೋರಿ ಕೇಳೀನೇ ನಾನು ಕ್ಲಬ್ ಸೇರಿದ್ದು" ಎಂದ. ಸುಕೇಶನ ಬಾಯಲ್ಲಿದ್ದದ್ದು ಬಿಸಿತುಪ್ಪವಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ವಾರವೆಲ್ಲ ಕಲಿತ ಮಾತಿನ ಬದಲು ಬಾಯಿಂದ ಬಂದದ್ದು "ತ್ಯಾಂಕ್ಸ್". ತನ್ನ ಮೇಲೇ ಅವನಿಗೆ ಉರಿದುಹೋಯಿತು.

ಗದ್ದೆಬಯಲಿನ ರಸ್ತೆಗೆ ಇಳಿದ ಮೇಲೂ ಆ ಉರಿ ಆರಲಿಲ್ಲ. ಎರಡೂ ಕಡೆ ಹಸಿರು, ಬೆಳ್ಳಕ್ಕಿ, ಪಂಪ್‌ಸೆಟ್ಟಿನ ನೀರು. ಉಳಿದವರೆಲ್ಲ ಅದನ್ನು ನೋಡಲು ಬಂದವರು. ಸುಕೇಶ ನೋಡಿದ್ದು ಕನ್ನಡಿಯನ್ನೊಂದೇ. ಇಪ್ಪತ್ತೆರಡು ದೀಪ. ಅವನು ನಲವತ್ತಕ್ಕೆ ಇಳಿದರೆ ಅವೂ ನಲವತ್ತು, ಅರವತ್ತಕ್ಕೆ ಏರಿದರೆ ಅವೂ ಅರವತ್ತು. ಐದು ನಿಮಿಷ, ಬರೀ ಐದು ನಿಮಿಷ ಎಲ್ಲಾದರೂ ಒಬ್ಬನೇ ನಿಂತು ಹೆಲ್ಮೆಟ್ಟು ತೆಗೆದು ಉಸಿರಾಡಿದರೆ ಸಾಕು ಎನಿಸಿತು. ಎಡಕ್ಕೊಂದು ಮಣ್ಣುದಾರಿ ಕಂಡಿತು. ಯೋಚಿಸಲೇ ಇಲ್ಲ, ತಿರುಗಿಸಿಬಿಟ್ಟ.

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎನ್ನುತ್ತಾರೆ. ಇಲ್ಲಿ ಎಡವಟ್ಟನ ದಾರಿಯೇ ಊರಿನ ದಾರಿಯಾಯಿತು. ಮಂಜುನಾಥನ ಎಡ ಇಂಡಿಕೇಟರ್ ಮಿನುಗಿತು, ಅವನ ಹಿಂದಿನವನದು, ಅವನ ಹಿಂದಿನವಳದು. ಒಂದೂ ತಪ್ಪದೆ ಇಪ್ಪತ್ತೆರಡು ಗಾಡಿಗಳು ಧೂಳೆಬ್ಬಿಸಿಕೊಂಡು ಮಣ್ಣಿಗಿಳಿದವು. ಸುಕೇಶ ವೇಗ ಹೆಚ್ಚಿಸಿದ. ಅವರೂ ಹೆಚ್ಚಿಸಿದರು. ದಾರಿ ಕಿರಿದಾಯಿತು, ಏರಿತು, ನೋಡನೋಡುತ್ತ ಕೆರೆಯ ಏರಿಯಾಯಿತು. ಬಲಕ್ಕೆ ನೀರು, ಎಡಕ್ಕೆ ಕೆಸರುಗದ್ದೆ. ಮುಂದೆ ತೂಬಿನ ಹತ್ತಿರ ಏರಿಯೇ ಕುಸಿದಿತ್ತು. ಸುಕೇಶ ಮುಷ್ಟಿ ಎತ್ತಿದ. ಹಿಂದೆ ಇಪ್ಪತ್ತೆರಡು ಮುಷ್ಟಿಗಳು ಎದ್ದವು.

ಇಂಜಿನ್ನುಗಳು ಒಂದೊಂದಾಗಿ ಆರಿದವು. ಮಂಜುನಾಥ ಇಳಿದು ಮುಂದೆ ಬಂದ.

"ಏನ್ಲಾ ಇದು? ಎಲ್ಲಿಗ್ ಕರ್ಕೊಂಡ್ ಬಂದೆ?"

"ಮಂಜಣ್ಣ, ನಾನು ಮುಂದಿನ ವರ್ಷ ಬರೂದಿಲ್ಲ. ಗಾಡಿ ಮಾರ್ತೆ."

ಹೇಳಿಬಿಟ್ಟಿದ್ದ! ಇಷ್ಟು ಸುಲಭವೇ ಎಂದು ಅವನಿಗೇ ಆಶ್ಚರ್ಯ. ಮಂಜುನಾಥ ಅವನ ಮುಖವನ್ನೇ ನೋಡಿದ, ಆಮೇಲೆ ನಕ್ಕ.

"ಬಿಸಿಲು ತಲೆಗೇರ್ಬುಟ್ಟದೆ ನಿಂಗೆ. ನೀರು ಕುಡಿ."

"ಇಲ್ಲ ಅಣ್ಣ. ನಂಗೆ ಈ ಗಾಡಿ ಅಂದ್ರೆ ಹೆದ್ರಿಕೆ. ಅಣ್ಣ ಇಪ್ಪಾಗ್ಲೂ ಹೆದ್ರಿಕೆಯೇ. ನಂಗೆ ಹೋಟ್ಲಲ್ಲಿ ದೋಸೆ ಹೊಯ್ಕಂಡ್ ಇದ್ರೆ ಸಾಕ್."

ಮಂಜುನಾಥನ ನಗು ಇಳಿದುಹೋಯಿತು. ಅವನು ಸುಕೇಶನ ತೋಳು ಹಿಡಿದುಕೊಂಡ. ದೊಡ್ಡ ಆಳು, ನಲವತ್ತು ದಾಟಿದವನು, ಬಿಡಲೇ ಇಲ್ಲ.

"ಹಂಗನ್ಬೇಡ ಕಣೋ. ಈ ಗಾಡಿ, ಈ ಜಾಕೆಟ್ಟು ನನ್ನ ಮುಂದೆ ಹೋಗ್ತಾ ಇರುತ್ತಲ್ಲ, ಅವಾಗ ಅವ್ನು ಹಿಂದೆ ಎಲ್ಲೂ ಬಿದ್ದಿಲ್ಲ, ಇಲ್ಲೇ ನನ್ನ ಕಣ್ಮುಂದೇನೇ ಅವ್ನೆ ಅನ್ಸುತ್ತೆ. ವರ್ಷಕ್ಕೆ ಒಂದು ದಿನ. ಆ ಒಂದು ರಾತ್ರಿ ನಾನು ನಿದ್ದೆ ಮಾಡ್ತೀನಿ. ಅದನ್ನೂ ಕಿತ್ಕೋತೀಯಾ?"

ಮಂಜುನಾಥ ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಸುಕೇಶ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡ. ಮಂಜುನಾಥ ಅವನ ಬೆನ್ನು ತಟ್ಟಿ, ಅದೇ ಉತ್ತರವೆಂದು ತಿಳಿದು, "ಬಾ, ಗಾಡಿ ತಿರುಗ್ಸೋಣ" ಎಂದ.

ಆ ಏರಿಯ ಮೇಲೆ ಒಬ್ಬೊಬ್ಬರ ಗಾಡಿಯನ್ನೂ ನಾಲ್ಕು ಜನ ಹಿಂದಿನಿಂದ ಎತ್ತಿ ತಿರುಗಿಸಬೇಕಾಯಿತು. ಮುಂದಿದ್ದವರು ಹಿಂದಾದರು, ಹಿಂದಿದ್ದವರು ಮುಂದಾದರು. ಕೊನೆಯಲ್ಲಿ ಬರುತ್ತಿದ್ದವರು ಅಂದಾನಿ, ಗದಗಿನ ಕಡೆಯ ಮುದುಕರು, ಗೂಡ್ಸ್ ರೈಲಿನ ಕೊನೆಯ ಡಬ್ಬಿಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಈಗ ಅವರೇ ಎಲ್ಲರಿಗಿಂತ ಮುಂದೆ.

"ಹುಟ್ಟಿದಾಗಿಂದ ಮೊದಲನೇ ಸಲ ಇಂಜಿನ್ ಕಡೀಗೆ ಬಂದೀನಿ ನೋಡ್ರೆಪಾ!" ಎಂದು ಅವರು ಕೂಗಿ ಹೊರಟೇಬಿಟ್ಟರು. ಹೆದ್ದಾರಿ ಸೇರಿದ ಮೇಲೆ ಸಾಲು ಸರಿಮಾಡಿಕೊಳ್ಳೋಣ ಎಂದು ಮಂಜುನಾಥ ಹೇಳಿದ. ಸುಕೇಶ ಕೊನೆಯವನಾದ.

ಡಾಂಬರು ರಸ್ತೆಗೆ ಬಂದು ಅವನು ಅಭ್ಯಾಸಬಲದಿಂದ ಕನ್ನಡಿ ನೋಡಿದ. ಕನ್ನಡಿಯಲ್ಲಿ ಯಾರೂ ಇರಲಿಲ್ಲ. ರಸ್ತೆ, ಎರಡು ಹುಣಸೆಮರ, ದಾಟುತ್ತಿದ್ದ ಒಂದು ಮೇಕೆ. ಅಯ್ಯೋ, ಎಷ್ಟು ಹಗುರ! ಅವನು ಎಡಗೈ ಎತ್ತಿ ಗಾಜು ಸರಿಸಿ ಮೂಗನ್ನು ಚೆನ್ನಾಗಿ ತುರಿಸಿಕೊಂಡ. ಯಾವ ಕೈಯೂ ಮೇಲೇಳಲಿಲ್ಲ. ಮುಂದೆ ಮಂಜುನಾಥನ ಬೆನ್ನು ದೂರವಾಗುತ್ತಿತ್ತು. ಸುಕೇಶ ಇನ್ನಷ್ಟು ನಿಧಾನ ಮಾಡಿದ, ಒಂದು ಮೋರಿಯ ಪಕ್ಕ ಗಾಡಿ ನಿಲ್ಲಿಸಿ ಬೀಗದ ಕೈ ತಿರುಗಿಸಿದ. ದೀಪ ಆರಿತು.

ಹೆಲ್ಮೆಟ್ಟು ತೆಗೆದು, ಜಾಕೆಟ್ಟು ಬಿಚ್ಚಿ ಗಾಡಿಯ ಮೇಲೆ ಹಾಕಿದ. ಮೋರಿಯ ಕಟ್ಟೆಯ ಮೇಲೆ ಕೂತ. ಜಾಕೆಟ್ಟಿನ ಜೇಬಿಂದ ಅಮ್ಮನ ಪೊಟ್ಟಣ ತೆಗೆದು ಬಿಚ್ಚಿದ. ಬನ್ಸ್ ಚಪ್ಪಟೆಯಾಗಿತ್ತು, ಆದರೂ ಬಾಳೆಹಣ್ಣಿನ ಘಮ ಹೋಗಿರಲಿಲ್ಲ. ಒಂದು ತುಂಡು ಬಾಯಿಗಿಟ್ಟ. ಜೀರಿಗೆ ಸ್ವಲ್ಪ ಹೆಚ್ಚಾಗಿದೆ, ನಾಳೆ ಅಮ್ಮನಿಗೆ ಹೇಳಬೇಕು ಎಂದುಕೊಂಡ.

ಆಗ ತಲೆಯೆತ್ತಿದ. ದೂರದಲ್ಲಿ ಹುಣಸೆಮರಗಳ ನೆರಳೊಳಗೆ ಮಂಜುನಾಥನ ಗಾಡಿಯ ಹಿಂದೆ ಕೆಂಪು ದೀಪ ಹೊತ್ತಿತು. ಅವನ ಮುಂದಿನವನದು ಹೊತ್ತಿತು. ಅದರಾಚೆಯದು, ಅದರಾಚೆಯದು. ತಿರುವಿನಲ್ಲಿ ಚುಕ್ಕಿಯಷ್ಟೇ ಕಾಣುತ್ತಿದ್ದ ಅಂದಾನಿಯವರದೂ ಕೊನೆಗೆ ಹೊತ್ತಿತು. ಯಾರೂ ಹಾರ್ನ್ ಮಾಡಲಿಲ್ಲ, ಯಾರೂ ತಿರುಗಿ ನೋಡಲಿಲ್ಲ. ಎಲ್ಲರೂ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಕನ್ನಡಿಯಲ್ಲಿ ಅವನ ದೀಪ ಹುಡುಕುತ್ತ ಕಾಯುತ್ತಿದ್ದರು.

ಇಪ್ಪತ್ತೆರಡೂ ಇವೆಯೇ ಎಂದು ಸುಕೇಶ ಎಣಿಸಿದ. ಇದ್ದವು. ಅವನು ಪೊಟ್ಟಣದಿಂದ ಎರಡನೆಯ ಬನ್ಸ್ ತೆಗೆದು, ನಿಧಾನವಾಗಿ ಅರ್ಧಕ್ಕೆ ಮುರಿದ.