ಎರಡನೇ ಸಿಲಿಂಡರ್

ಆರ್ಡಿಸ್ ತನ್ನ ಗಾಲಿಮನೆಯಲ್ಲಿ, ಅಂದರೆ ಟ್ರೇಲರಿನಲ್ಲಿ, ಗ್ಯಾಸ್ ಉರಿಸುತ್ತಿದ್ದ ರೀತಿ ನೋಡಿದರೆ, ಅದೇನು ದುಡ್ಡು ಕೊಟ್ಟು ತುಂಬಿಸಿದ ಪ್ರೊಪೇನೋ, ಇಲ್ಲ ಗಂಡ ಅಳೆದು ಬಿಟ್ಟುಹೋದ ಆಯುಸ್ಸೋ ಎಂದು ಅನುಮಾನ ಬರಬೇಕು. ಬೆಳಿಗ್ಗೆ ಒಂದು ಸಲ ಒಲೆ ಹಚ್ಚಿದರೆ ಕಾಫಿ, ಗಂಜಿ, ಮುಖ ತೊಳೆಯುವ ನೀರು ಮೂರೂ ಅದರಲ್ಲೇ ಆಗಬೇಕು. ಕಾಳು ಚೆನ್ನಾಗಿ ಒಂದು ಕುದಿ ಬಂದದ್ದೇ ಪಾತ್ರೆಯನ್ನು ರಜಾಯಿಯಲ್ಲಿ ಸುತ್ತಿ ಹಾಸಿಗೆಯ ಮೇಲೆ ಇಟ್ಟುಬಿಡುವಳು. ಸಂಜೆಯೊಳಗೆ ಅದು ತಾನಾಗಿ ಬೆಂದಿರುತ್ತಿತ್ತು. ಹೀಟರ್ ಬೆಳಿಗ್ಗೆ ಒಂದು ಗಂಟೆ, ಸಂಜೆ ಏಳರಿಂದ ಒಂದು ಗಂಟೆ. ನಡುವೆ ಚಳಿಯಾದರೆ ಸ್ವೆಟರ್ ಇದೆ, ಅದರ ಮೇಲೆ ಹಾಕಲು ಹೋಬರ್ಟನ ಸ್ವೆಟರ್ ಇದೆ.

ಈ ಕಟ್ಟಳೆಗಳೆಲ್ಲ ಹೋಬರ್ಟನವೇ. ಹದಿನಾಲ್ಕು ಚಳಿಗಾಲ ಅರಿಝೋನದ ಈ ಮರುಭೂಮಿಯಲ್ಲಿ ಇದೇ ಟ್ರೇಲರಿನಲ್ಲಿ ಗಂಡಹೆಂಡಿರು ಕಳೆದಿದ್ದರು. ಟ್ರೇಲರಿನ ಮೂತಿಯ ಮೇಲೆ, ಒಂದೇ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ, ಅಕ್ಕಪಕ್ಕ ಎರಡು ಸಿಲಿಂಡರ್. ಒಂದು ಉರಿಸುವುದಕ್ಕೆ, ಇನ್ನೊಂದು ಜೀವ ಉಳಿಸಿಕೊಳ್ಳುವುದಕ್ಕೆ. ಎರಡನೆಯದರ ವಾಲ್ವ್ ಸದಾ ಮುಚ್ಚಿರಬೇಕು. ಎರಡನ್ನೂ ತೆರೆದಿಟ್ಟು ಮಲಗುವವನು ಒಂದು ದಿನ ಎರಡೂ ಖಾಲಿಯಾಗಿ ಏಳುತ್ತಾನೆ ಎಂದು ಹೋಬರ್ಟ್ ಬಂದವರಿಗೆಲ್ಲ ಹೇಳುತ್ತಿದ್ದ. ತುಂಬಿದ ಸಿಲಿಂಡರಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಬರೆದಿಡುತ್ತಿದ್ದ, ಖಾಲಿಯಾದರೆ ಅಳಿಸುತ್ತಿದ್ದ. ಏಪ್ರಿಲ್‌ನಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಎರಡನೆಯದರ ಮೇಲೆ ಅವನು ಬರೆದ ಸೊನ್ನೆ ಮಾತ್ರ ಹಾಗೇ ಇತ್ತು. ಆರ್ಡಿಸ್ ಅದನ್ನು ಅಳಿಸಲಿಲ್ಲ, ಸಿಲಿಂಡರನ್ನು ಮುಟ್ಟಲೂ ಇಲ್ಲ. ದಿನಾ ಬಿಸಿನೀರು ಸುರಿದು, ಎಲ್ಲಿಂದ ತಣ್ಣಗಿದೆ ಎಂದು ಕೈಯಾಡಿಸಿ ಮಟ್ಟ ನೋಡುತ್ತಿದ್ದದ್ದು ಮೊದಲನೆಯದನ್ನು ಮಾತ್ರ.

ಆ ವರ್ಷ ಪಕ್ಕಕ್ಕೆ ಬಂದು ನಿಂತವನು ರೋಸ್ಕೊ. ಎಪ್ಪತ್ತೆರಡು ವರ್ಷ, ಲಾರಿ ಓಡಿಸಿ ಸವೆದ ಬೆನ್ನು, ಒಂದೇ ಸಿಲಿಂಡರಿನ ಹಳೆಯ ಪುಟ್ಟ ಟ್ರೇಲರು. ಕಿಟಕಿ ತೆರೆದುಕೊಂಡು ಹೀಟರ್ ಹಾಕುವ ಮಹಾನುಭಾವ. ಆರ್ಡಿಸ್ ಅವನಿಗೆ ಪಾಠ ಹೇಳಿದಳು: ಕಿಟಕಿಯ ಸಂದಿಗೆ ಟವೆಲ್ ತುರುಕು, ಬಾಗಿಲಿಗೆ ಕಂಬಳಿ ಕಟ್ಟು, ಒಲೆ ಉರಿಯುವಾಗ ಮಾತ್ರ ಎರಡು ಬೆರಳಿನಷ್ಟು ಕಿಟಕಿ ಬಿಡು. ಅವನು ಅವಳನ್ನು ಟೀಚರಮ್ಮ ಎಂದು ಕರೆಯತೊಡಗಿದ. ಅವಳಿಗೆ ಸಿಟ್ಟು ಬರುತ್ತಿತ್ತು, ಒಳಗೊಳಗೇ ಹಿತವೂ ಆಗುತ್ತಿತ್ತು.

ಅಲ್ಲಿ ಟ್ರೇಲರ್ ನಿಲ್ಲಿಸಿಕೊಂಡು ಚಳಿಗಾಲ ಕಳೆಯುವವರಿಗೆಲ್ಲ ಇನ್ನೊಂದು ರೂಢಿ ಇತ್ತು. ಬೆಳಿಗ್ಗೆ ಎಂಟರೊಳಗೆ ಪ್ರತಿಯೊಬ್ಬರೂ ತಮ್ಮ ಮಡಚುವ ಕುರ್ಚಿಯನ್ನು ಬಿಚ್ಚಿ ಬಾಗಿಲ ಮುಂದೆ ಇಡಬೇಕು. ಕುರ್ಚಿ ಬಿಚ್ಚಿದೆ ಎಂದರೆ ಒಳಗಿರುವವರು ಎದ್ದಿದ್ದಾರೆ. ಬಿಚ್ಚದಿದ್ದರೆ ಪಕ್ಕದವರು ಹೋಗಿ ಬಾಗಿಲು ಬಡಿಯಬೇಕು.

ಜನವರಿಯ ಎರಡನೇ ವಾರ ಮಳೆ ಬಂತು. ಒಣಗಿ ಬಿದ್ದಿದ್ದ ಹಳ್ಳ ಒಂದೇ ದಿನದಲ್ಲಿ ತುಂಬಿ, ಊರಿಗೆ ಹೋಗುವ ದಾರಿಯನ್ನು ನುಂಗಿತು. ಬುದ್ಧಿ ಇದ್ದವರು ಮುಂಚೆಯೇ ಜಾಗ ಖಾಲಿ ಮಾಡಿದ್ದರು. ಉಳಿದವರು ಮೂವರೇ: ಆರ್ಡಿಸ್, ರೋಸ್ಕೊ, ಸೌರಫಲಕದ ವ್ಯಾನಿನಲ್ಲಿ ಒಬ್ಬಳೇ ಇರುವ ಲುವೆಲ್ಲಾ. ಗುರುವಾರ ಬರಬೇಕಾಗಿದ್ದ ಗ್ಯಾಸ್ ಲಾರಿ ಬರಲಿಲ್ಲ. ಮಳೆ ನಿಂತದ್ದೇ ಚಳಿ ಇಳಿಯಿತು. ಬಕೆಟ್ಟಿನ ನೀರು ಹೆಪ್ಪುಗಟ್ಟುವ ಚಳಿ.

ಅಂದು ಇಳಿಹೊತ್ತಿಗೆ ರೋಸ್ಕೊ ಬಂದು ಮೆಟ್ಟಿಲ ಕೆಳಗೆ ನಿಂತ. ಟೋಪಿ ಕೈಯಲ್ಲಿತ್ತು.

“ಟೀಚರಮ್ಮಾ, ನಾನು ಫೇಲಾದೆ.”

“ಮುಗೀತಾ?”

“ಮಧ್ಯಾಹ್ನಾನೇ ಮುಗೀತು. ಒಲೆ ಹಚ್ಚಿದ್ರೆ ಬರೀ ಗಾಳಿ ಉಸ್ ಅಂತು.”

“ಮೂರು ದಿನದ ಹಿಂದೇನೇ ಹೇಳಿದ್ನಲ್ಲ, ನೀರು ಸುರಿದು ನೋಡ್ಕೊಳ್ಳಿ ಅಂತ! ಕಿವಿಗೆ ಹತ್ತಿ ಇಟ್ಕೊಂಡಿದ್ರಾ?”

“ಬೈರಿ, ಬೈಸ್ಕೊಳ್ಳೋಕೇ ಬಂದಿದ್ದೀನಿ. ಬೈದಾದ್ಮೇಲೆ ಆ ಎರಡನೇ ಸಿಲಿಂಡರ್ ಎರಡು ದಿನ ಕೊಡಿ. ಲಾರಿ ಬಂದಿದ್ದೇ ತುಂಬಿಸಿ, ನಾನೇ ಹೊತ್ಕೊಂಡು ಬಂದು ಅಲ್ಲೇ ಇಡ್ತೀನಿ.”

“ಅದನ್ನ ಕೇಳ್ಬೇಡಿ. ಎರಡನೇದು ಯಾರಿಗೂ ಕೊಡೋದಲ್ಲ. ಅದು ಹೋಬರ್ಟ್ ಮಾತು.”

ರೋಸ್ಕೊ ನೆಲ ನೋಡಿದ. “ಹೋಬರ್ಟ್ ಹೋಗಿ ಒಂಬತ್ತು ತಿಂಗಳಾಯ್ತಲ್ಲ ಆರ್ಡಿಸ್. ಚಳಿ ಆಗ್ತಿರೋದು ನನಗೆ.”

ಆ ಮಾತು ಅವಳಿಗೆ ಚುಚ್ಚಿತು. ಅವಳ ಮುಖ ನೋಡಿಯೇ ಅವನು, “ತಪ್ಪಾಯ್ತು, ಬಾಯಿ ಜಾರ್ತು” ಎಂದ.

ಆಗ ಆರ್ಡಿಸ್‌ಗೆ ಒಂದು ಯೋಚನೆ ಬಂದದ್ದು ನಿಜ. ಒಳಗೆ ಬನ್ನಿ, ಏಳಕ್ಕೆ ಹೀಟರ್ ಹಾಕುತ್ತೇನೆ, ಕೂತಿರಿ ಎನ್ನಬಹುದಿತ್ತು. ಆದರೆ ಒಳಗಿರುವುದು ಎರಡೇ ಕುರ್ಚಿ, ಒಂದು ಹೋಬರ್ಟನದು. ಇವತ್ತು ಕೂತವನು ನಾಳೆಯೂ ಬರುತ್ತಾನೆ, ಒಂದು ಗಂಟೆ ಎರಡಾಗುತ್ತದೆ. ಮಾತು ನಾಲಿಗೆಯವರೆಗೆ ಬಂದದ್ದನ್ನು ನುಂಗಿಕೊಂಡಳು. ಒಂದು ಡಬ್ಬಿ ಬಿಸಿ ಕಾಳಿನ ಸಾರು, ಒಂದು ಕಂಬಳಿ ತಂದುಕೊಟ್ಟಳು.

“ಸಂದಿ ಎಲ್ಲಾ ಸರಿಯಾಗಿ ಮುಚ್ಚಿದ್ದೀರಾ?”

“ನೀವು ಹೇಳ್ಕೊಟ್ಟ ಹಾಗೇ. ಇಲಿ ಮೂಸೋಕೂ ಜಾಗ ಇಲ್ಲ.” ಹೋಗುತ್ತ ತಿರುಗಿ ನಕ್ಕ. “ಬೆಳಿಗ್ಗೆ ಎಂಟಕ್ಕೆ ಮುಂಚೇನೇ ಕುರ್ಚಿ ಹಾಕ್ತೀನಿ. ಬೈಕೊಂಡು ಬರ್ಬೇಡಿ ಮತ್ತೆ.”

ಬೆಳಿಗ್ಗೆ ಎಂಟಾಯಿತು. ಕುರ್ಚಿ ಮಡಚಿಕೊಂಡೇ ಗೋಡೆಗೆ ಒರಗಿತ್ತು. ಎಂಟೂಕಾಲಿಗೆ ಆರ್ಡಿಸ್ ಬೈಯುವ ಮಾತುಗಳನ್ನು ಜೋಡಿಸಿಕೊಂಡೇ ಹೋದಳು. ಬಡಿದಳು, ಕೂಗಿದಳು. ಲುವೆಲ್ಲಾ ಓಡಿ ಬಂದು ಬಾಗಿಲಿಗೆ ಸರಳು ಹಾಕಿ ಮೀಟಿದಳು. ಒಳಗೆ ನೆಲದ ಮೇಲೆ ಮಾಂಸ ಸುಡುವ ಇದ್ದಿಲೊಲೆ, ತುಂಬ ಬೂದಿ. ಕಿಟಕಿಗಳಿಗೆಲ್ಲ ಅಚ್ಚುಕಟ್ಟಾಗಿ ಟವೆಲ್ ತುರುಕಿತ್ತು. ಇದ್ದಿಲಿನ ವಿಷದ ಗಾಳಿ ತುಂಬಿದರೆ ಕೂಗಿ ಎಬ್ಬಿಸಬೇಕಾದ ಎಚ್ಚರಿಕೆಯ ಗಂಟೆಯಲ್ಲಿ ಬ್ಯಾಟರಿಯೇ ಇರಲಿಲ್ಲ. ರೋಸ್ಕೊ ಅವಳ ಕಂಬಳಿ ಹೊದ್ದು ಮಲಗಿದ್ದ, ಮುಖ ಕೆಂಪಗೆ, ಈಗಷ್ಟೇ ಬಿಸಿಲಿನಿಂದ ಬಂದವನ ಹಾಗೆ. ಉಸಿರು ಇರಲಿಲ್ಲ. ಸಾರಿನ ಡಬ್ಬಿ ತೊಳೆದು ಒರೆಸಿ ಬಾಗಿಲ ಹತ್ತಿರ ಇಟ್ಟಿದ್ದ, ಹಿಂದಕ್ಕೆ ಕೊಡಲು.

ಲುವೆಲ್ಲಾ ಊರಿನ ಪೊಲೀಸರಿಗೆ ಫೋನು ಮಾಡಿದಳು. ಹಳ್ಳ ಇಳಿಯುವವರೆಗೆ ಗಾಡಿ ಬರುವುದಿಲ್ಲ, ಮಧ್ಯಾಹ್ನವಾಗಬಹುದು ಎಂದರು. ಇಬ್ಬರೂ ಆರ್ಡಿಸ್‌ಳ ಟ್ರೇಲರಿಗೆ ಬಂದರು. ಲುವೆಲ್ಲಾ ಗಡಗಡ ನಡುಗುತ್ತಿದ್ದಳು.

“ಅಲ್ಲಾ, ನಮ್ಮಿಬ್ಬರಲ್ಲಿ ಯಾರನ್ನಾದ್ರೂ ಒಂದು ಮಾತು ಕೇಳ್ಬಾರ್ದಿತ್ತಾ ಆ ಪ್ರಾಣಿ!”

“ಕೇಳಿದ್ದ,” ಎಂದಳು ಆರ್ಡಿಸ್. “ನನ್ನ ಕೇಳಿದ್ದ. ನಾನು ಕೊಡ್ಲಿಲ್ಲ.”

ಲುವೆಲ್ಲಾ ಅವಳ ಮುಖವನ್ನೇ ನೋಡಿದಳು. ಆ ನೋಟ ಆರ್ಡಿಸ್‌ಗೆ ಸಹಿಸಲಾಗಲಿಲ್ಲ. “ಇವತ್ತು ಅದನ್ನೇ ಉರಿಸೋಣ. ಪೂರ್ತಿ ಉರಿದು ಹೋಗ್ಲಿ, ನನಗೆ ಅದು ಬೇಡ” ಎಂದು ಹೊರಗೆ ಹೋಗಿ ಪ್ಲಾಸ್ಟಿಕ್ ಮುಚ್ಚಳ ಕಿತ್ತೆಸೆದಳು.

ಸೀಮೆಸುಣ್ಣದ ಸೊನ್ನೆ ನಿನ್ನೆ ಬರೆದಂತಿತ್ತು. ವಾಲ್ವಿಗೆ ಕೈ ಹಾಕಿ ತಿರುಗಿಸಿದಳು. ತಿರುಗಲಿಲ್ಲ. ಅದು ಆಗಲೇ ತೆರೆದಿತ್ತು. ಹಿಡಿ ಹಿಡಿದು ಎತ್ತಿದಳು. ಎರಡು ಕೈ ಬೇಕಾದೀತೆಂದುಕೊಂಡದ್ದು ಒಂದೇ ಕೈಗೆ ಖಾಲಿ ಬಿಂದಿಗೆಯ ಹಾಗೆ ಎದ್ದು ಬಂತು.

ಹೋಬರ್ಟ್ ಹೋಗುವುದಕ್ಕೆ ಮುಂಚಿನ ಮಾರ್ಚ್ ತಿಂಗಳು ಅವಳಿಗೆ ನೆನಪಾಯಿತು. ನ್ಯುಮೋನಿಯಾ ಆಗಿ ಅವಳು ಹನ್ನೊಂದು ದಿನ ಮಲಗಿದ್ದಳು. ಆ ಹನ್ನೊಂದು ದಿನವೂ ಹೀಟರ್ ಒಂದು ಕ್ಷಣ ನಿಂತಿರಲಿಲ್ಲ. ಗ್ಯಾಸ್ ಎಲ್ಲಿಂದ ಎಂದು ಕೇಳಿದ್ದಕ್ಕೆ, ಸುಮ್ಮನೆ ಮಲಕ್ಕೊ ಮಾರಾಯ್ತಿ ಎಂದಿದ್ದ ಹೋಬರ್ಟ್. ತನ್ನ ಕಟ್ಟಳೆಯನ್ನು ತಾನೇ ಮುರಿದಿದ್ದ. ಸೊನ್ನೆ ಅಳಿಸುವುದು ಮರೆತಿದ್ದ, ತುಂಬಿಸುವುದಕ್ಕೆ ಮೊದಲೇ ಹೋಗಿಬಿಟ್ಟ.

ನಿನ್ನೆ ಆಯಿತು ತಗೊಳ್ಳಿ ಎಂದಿದ್ದರೆ ರೋಸ್ಕೊ ಬಂದು ಇದನ್ನು ಎತ್ತುತ್ತಿದ್ದ. ಎತ್ತಿದ ಕೂಡಲೇ ಖಾಲಿ ಎಂದು ತಿಳಿಯುತ್ತಿತ್ತು. ಟೀಚರಮ್ಮನೂ ಫೇಲು ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಕೊಡಲು ಏನೂ ಇಲ್ಲದ ನಾಚಿಕೆಗೆ ಅವಳು ಒಳಗೆ ಬನ್ನಿ ಎನ್ನಲೇಬೇಕಾಗುತ್ತಿತ್ತು, ಅವನು ಹೋಬರ್ಟನ ಕುರ್ಚಿಯಲ್ಲಿ ಬೆಳಗಿನವರೆಗೆ ಕೂತಿರುತ್ತಿದ್ದ.

“ಹಚ್ಚಿದ್ರಾ?” ಎಂದು ಲುವೆಲ್ಲಾ ಒಳಗಿನಿಂದ ಕೂಗಿದಳು.

ಆರ್ಡಿಸ್ ಸಿಲಿಂಡರನ್ನು ಅಲ್ಲೇ ಬಿಟ್ಟು, ರೋಸ್ಕೊನ ಟ್ರೇಲರಿನವರೆಗೆ ನಡೆದು, ಗೋಡೆಗೆ ಒರಗಿದ್ದ ಕುರ್ಚಿಯನ್ನು ಬಿಚ್ಚಿ ಅವನ ಬಾಗಿಲ ಮುಂದೆ ಹಾಕಿ, ಹಳ್ಳ ಇಳಿದು ಗಾಡಿ ಬರುವವರೆಗೆ ಅದರಲ್ಲಿ ಕೂತಳು.