ಅಳಿಯನ ಆಟ

ಚಿತ್ತರಂಜನನ ಆಟ ನೋಡಲು ಹೋಗೋಣ ಎಂದು ನಮ್ಮ ಕ್ಯಾಪ್ಟನ್ ಬೆನೆಡಿಕ್ಟ್ ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು. ಅವನನ್ನು ನೋಡುವುದು ನನಗೇನು ಹೊಸತೇ? ಅವನು ನನ್ನ ಸೋದರತ್ತೆಯ ಮಗ. ಹುಟ್ಟಿದಾಗಿನಿಂದ ನೋಡುತ್ತಲೇ ಬಂದಿದ್ದೇನೆ. ಅವನು ನಡೆದರೆ ಚೆಂದ, ಕೂತರೆ ಚೆಂದ, ಕೆಮ್ಮಿದರೂ ಚೆಂದ ಎಂದು ಹೇಳುವವರ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು.

ನಮ್ಮದು ಅಳಿಯಕಟ್ಟಿನ ಮನೆತನ, ಸೋದರಮಾವನದ್ದೆಲ್ಲ ಅಳಿಯನಿಗೆ. ಅಪ್ಪ ಕಂಕನಾಡಿಯಾಚೆ ತಮ್ಮ ಅಕ್ಕನ ಮನೆಯಲ್ಲಿ ಯಜಮಾನರು. ಅವರ ನಂತರ ಆ ಯಜಮಾನಿಕೆ ಅಕ್ಕನ ಮಗ ಚಿತ್ತರಂಜನನಿಗೆ. ಮಗನಾದ ನಾನು ಅಮ್ಮನ ಮನೆಯವನು, ಕೊಡಿಯಾಲ್‌ಬೈಲಿನಲ್ಲಿ ಅಮ್ಮನ ಜತೆಗಿದ್ದೆ. ಅಪ್ಪ ಭಾನುವಾರ ಬಂದು, ಊಟ ಮಾಡಿ, ವೀಳ್ಯ ಹಾಕಿ, ಸಂಜೆಯಾಗುವಾಗ ಹೊರಡುತ್ತಿದ್ದರು. ಆಸ್ತಿಗಾಗಿ ನಾನು ಅತ್ತವನಲ್ಲ. ನನಗೆ ಸೇರಬೇಕಾದದ್ದು ನನ್ನ ಸೋದರಮಾವನಿಂದ ಬರುತ್ತದೆ, ಅದು ಕಟ್ಟು. ಆದರೆ ಅಪ್ಪನನ್ನೂ ಅಳಿಯನಿಗೇ ಬಿಟ್ಟುಕೊಡಬೇಕೆಂದು ಯಾವ ಕಟ್ಟಿನಲ್ಲಿದೆ? ಚಿತ್ತರಂಜನನಿಗೆ ಈಜು ಕಲಿಸಿದವರು ಅಪ್ಪ. ಸೈಕಲ್ಲು ಕಲಿಸಿದವರೂ ಅಪ್ಪ. ನನಗೆ ಈಜು ಕಲಿಸಿದವನು ಪಕ್ಕದ ಮನೆಯ ನೋಣಯ್ಯ.

ಎರಡನೇ ಮಹಾಯುದ್ಧ ಶುರುವಾದ ವರ್ಷ ಅದು. ಕಾಲೇಜುಗಳ ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ ನಾವು ಫೈನಲ್ಲಿಗೆ ಬಂದಾಗಿತ್ತು. ಚಿತ್ತರಂಜನನ ಕಾಲೇಜು ಸೆಮಿಫೈನಲ್ ಆಡುವುದಿತ್ತು, ಗೆಲ್ಲುವವರು ಅವರೇ ಎಂದು ಎಲ್ಲರಿಗೂ ಗೊತ್ತಿತ್ತು. ಬೆನೆಡಿಕ್ಟನೂ ನಾನೂ ಹೋಗಿ ಗೆರೆಯ ಬದಿಯಲ್ಲಿ ನಿಂತೆವು.

ಬೆನೆಡಿಕ್ಟನಿಗೆ ಎದುರಾಳಿಯನ್ನು ಹೊಗಳಲು ಒಂದಿಷ್ಟೂ ನಾಚಿಕೆಯಿಲ್ಲ.

“ನೋಡು ಮಾರಾಯ, ಎಡಗೈಯಲ್ಲೂ ಬಲಗೈಯಲ್ಲೂ ಒಂದೇ ನಮೂನೆ ಹಾಕ್ತಾನೆ! ಪಾಸ್ ಕೊಡುವಾಗ ಆ ಕಡೆ ನೋಡುವುದೇ ಇಲ್ಲ!”

“ಜಂಬ,” ಎಂದೆ. “ನೋಡ್ಲಿಕ್ಕೂ ಜಂಬ ಅವನಿಗೆ.”

ಆದರೆ ಒಳಗೊಳಗೇ ನಾನೂ ಲೆಕ್ಕ ಹಾಕುತ್ತಿದ್ದೆ. ರಿಂಗಿಗೆ ಬಡಿದು ಹಿಂದೆ ಬಂದ ಬಾಲು ಎಲ್ಲಿ ಬೀಳುತ್ತದೋ ಅಲ್ಲಿ ಅವನು ಮೊದಲೇ ನಿಂತಿರುತ್ತಿದ್ದ. ಓಡಿ ಬಂದು ಗಕ್ಕನೆ ನಿಂತರೆ ಅವನನ್ನು ಕಾಯುವವನು ಮುಂದಕ್ಕೆ ಮುಗ್ಗರಿಸುತ್ತಿದ್ದ. ಫೌಲಿಗೆ ಬಿಟ್ಟಿ ಎಸೆತ ಸಿಕ್ಕಿದರೆ ಒಂದೂ ತಪ್ಪುತ್ತಿರಲಿಲ್ಲ. ಒಂದು ಕೊರತೆ ಸಿಗಲಿ ದೇವರೇ, ಒಂದೇ ಒಂದು, ಎಂದು ನಾನು ಹಲ್ಲು ಕಚ್ಚಿ ನೋಡುತ್ತಿದ್ದೆ.

ಸಿಕ್ಕಿತು. ಆಟ ಅರ್ಧಕ್ಕೆ ಬಂದಾಗ ಬಿಳಿ ಮುಂಡಾಸು, ಕಪ್ಪು ಕೋಟಿನ ಒಬ್ಬರು ಮೈದಾನದಾಚೆ ಕೊಡೆ ಊರಿಕೊಂಡು ಬೆನ್ನು ಹಾಕಿ ನಿಂತರು. ಚಿತ್ತರಂಜನನ ಕಣ್ಣು ಅತ್ತ ಹೋದದ್ದೇ ತಡ, ಕೈಯಲ್ಲಿದ್ದ ಬಾಲು ಜಾರಿತು. ಆಮೇಲೆ ಒಂದು ಪಾಸ್ ಎಲ್ಲಿಗೋ ಹೋಯಿತು. ಫೌಲ್ ಸಿಕ್ಕಿ ಎಸೆಯಲು ನಿಂತವನು ಎರಡೂ ಎಸೆತ ಹಾಳು ಮಾಡಿದ. ಅಷ್ಟರಲ್ಲಿ ಮುಂಡಾಸಿನವರು ಈಚೆ ತಿರುಗಿದರು. ಯಾರೋ ಕೋರ್ಟಿನ ಗುಮಾಸ್ತ! ಚಿತ್ತರಂಜನ ಉಸಿರು ಬಿಟ್ಟು ಮತ್ತೆ ಮೊದಲಿನಂತೆ ಆಡತೊಡಗಿದ. ಸುತ್ತ ನಿಂತವರಿಗೆ ಏನೂ ತಿಳಿಯಲಿಲ್ಲ. ಹಿಂದಿನಿಂದ ಆ ಗುಮಾಸ್ತ ಥೇಟ್ ಅಪ್ಪನ ಹಾಗಿದ್ದದ್ದು ನನಗೊಬ್ಬನಿಗೇ ಕಂಡದ್ದು.

ಅಂದುಕೊಂಡಂತೆ ಅವರೇ ಗೆದ್ದರು. ಆಟ ಮುಗಿದ ಮೇಲೆ ಹೋಟೆಲಿನಲ್ಲಿ ಬೆನೆಡಿಕ್ಟ್ ತಟ್ಟೆಯಲ್ಲಿ ಐದು ಗೋಳಿಬಜೆ ಜೋಡಿಸಿ, “ಇದು ಚಿತ್ತರಂಜನ. ಇವನನ್ನು ಇಬ್ಬರು ಕಾಯಬೇಕು. ಆಗ ಈಚೆ ಒಬ್ಬ ಖಾಲಿ ಬೀಳ್ತಾನೆ. ಎಂತ ಮಾಡುವುದು?” ಎಂದು ತಲೆ ಕೆರೆದ.

ನಾನು ಚಿತ್ತರಂಜನನನ್ನು ಎತ್ತಿ ಬಾಯಿಗೆ ಹಾಕಿಕೊಂಡೆ.

“ಏ, ಎಂತದು!”

“ಇಬ್ಬರು ಬೇಡ. ನನ್ನ ಅಪ್ಪ ಸಾಕು. ಅವನು ತಪ್ಪು ಮಾಡಿದ್ದನ್ನು ಅಪ್ಪ ನೋಡಿದ್ರೆ ಅವನ ಕತೆ ಮುಗೀತು. ಅಪ್ಪ ಎದುರು ಕೂತ್ರೆ ಅವನ ಕೈ ಓಡುವುದಿಲ್ಲ.”

ಬೆನೆಡಿಕ್ಟ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಹಾಗಾದ್ರೆ ಕರ್ಕೊಂಡು ಬಾ. ಮಗನ ಫೈನಲ್ ಅಂದ್ರೆ ಬರದೆ ಇರ್ತಾರಾ?”

ಅಪ್ಪ ನನ್ನ ಒಂದು ಆಟಕ್ಕೂ ಬಂದವರಲ್ಲ. ಪಂದ್ಯದ ಕಪ್ ಯಾರಿಗೆ ಬೇಕು? ಅಪ್ಪನ ಕಣ್ಣೆದುರು ಚಿತ್ತರಂಜನ ಸೋಲಬೇಕು, ನಾನು ಗೆಲ್ಲಬೇಕು, ಗೆಲ್ಲುವಾಗ ಅವರ ಕಣ್ಣು ನನ್ನ ಮೇಲಿರಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಭಾನುವಾರ ಊಟವಾಗಿ ಅಪ್ಪ ಎಲೆಗೆ ಸುಣ್ಣ ಸವರುತ್ತಿದ್ದಾಗ ಕೇಳಿದೆ. “ಅಪ್ಪ, ಶನಿವಾರ ನಮ್ಮ ಫೈನಲ್ ಆಟ ಉಂಟು. ನೀವು ಬರಬೇಕು.”

“ಶನಿವಾರ ಆಗ್ಲಿಕ್ಕಿಲ್ಲ. ಗೇಣಿ ಕೊಡ್ಲಿಕ್ಕೆ ಒಕ್ಕಲಿನವರು ಬರ್ತಾರೆ.”

ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ನಾಲಗೆ ಕೇಳಬೇಕಲ್ಲ. “ಎದುರಿನ ಕಡೆಗೆ ಚಿತ್ತರಂಜನ ಆಡ್ತಾನೆ,” ಎಂದೆ.

ಸುಣ್ಣದ ಬೆರಳು ಎಲೆಯ ಮೇಲೆ ನಿಂತಿತು. “ಅವನಾ? ನನಗೆ ಹೇಳ್ಲೇ ಇಲ್ಲ! ಎಷ್ಟು ಹೊತ್ತಿಗೆ?”

ಹೊತ್ತು ಹೇಳಿದೆ, ಮೈದಾನದ ದಾರಿಯನ್ನೂ ಹೇಳಿದೆ.

ಶನಿವಾರ ಅಪ್ಪ ಜಟಕಾದಲ್ಲಿ ಬಂದಿಳಿದರು. ಬೆನೆಡಿಕ್ಟ್ ತಾನೇ ಓಡಿಹೋಗಿ ಕುರ್ಚಿ ತಂದು ಗೆರೆಯ ಹತ್ತಿರ, ಎಲ್ಲರಿಗಿಂತ ಮುಂದೆ ಹಾಕಿದ. ಚಿತ್ತರಂಜನ ಅವರನ್ನು ಕಂಡ. ಅವನ ಮುಖ ಬೆಳ್ಳಗಾದದ್ದನ್ನು ನಾನು ಕಣ್ತುಂಬ ನೋಡಿದೆ.

ಎಲ್ಲ ನಾನು ಹೇಳಿದಂತೆಯೇ ಆಯಿತು. ಅವನ ಎಡಗೈ ಇದ್ದೂ ಇಲ್ಲದಂತಾಯಿತು. ಪಾಸ್ ಕೊಡುವ ಮೊದಲು ಎರಡೆರಡು ಸಲ ನೋಡುತ್ತಿದ್ದ; ಅಷ್ಟರಲ್ಲಿ ನಾವು ನಡುವೆ ನುಗ್ಗುತ್ತಿದ್ದೆವು. ಬಿಟ್ಟಿ ಎಸೆತಗಳು ರಿಂಗಿನ ಅಂಚಿಗೆ ಬಡಿದು ಹೊರಗೆ ಬಿದ್ದವು. ನಾನು ಒಂದರ ಮೇಲೊಂದು ಬಾಸ್ಕೆಟ್ ಹಾಕಿದೆ. ಪ್ರತಿ ಸಲವೂ ಕುರ್ಚಿಯತ್ತ ತಿರುಗಿದೆ. ಪ್ರತಿ ಸಲವೂ ಅಪ್ಪ ಮೈದಾನದ ಆ ತುದಿಯನ್ನು, ಬಾಲು ಕಳಕೊಂಡು ನಿಂತ ಚಿತ್ತರಂಜನನನ್ನು ನೋಡುತ್ತಿದ್ದರು. ಇನ್ನೊಂದು ಹಾಕಿದರೆ ನೋಡಿಯಾರು ಎಂದು ಮತ್ತೆ ಓಡಿದೆ. ಆ ಆತುರದಲ್ಲಿ ಯಾರೂ ಕಾಯದಿದ್ದ ಎರಡು ಸುಲಭದ ಬಾಲು ತಪ್ಪಿಸಿದೆ. ಆದರೂ ನಾವು ಗೆದ್ದೆವು.

ಹುಡುಗರು ನನ್ನನ್ನು ಹೆಗಲ ಮೇಲೆ ಎತ್ತಿ ಕುಣಿದರು. ಮೇಲಿನಿಂದ ನೋಡಿದರೆ ಕುರ್ಚಿ ಖಾಲಿ. ಅಪ್ಪ ಆಗಲೇ ಮೈದಾನ ದಾಟಿ ಚಿತ್ತರಂಜನನತ್ತ ಹೋಗುತ್ತಿದ್ದರು. ನಾನು ಜಾರಿ ಇಳಿದು ಹಿಂದೆಯೇ ಓಡಿದೆ.

“ಎಡಗೈಗೆ ಎಂತ ರೋಗ ನಿನಗೆ?” ಅಪ್ಪನ ಗಂಟಲು ಮೈದಾನಕ್ಕೆಲ್ಲ ಕೇಳುತ್ತಿತ್ತು. “ಬಲಗಡೆ ಅಷ್ಟು ಜಾಗ ಇತ್ತು, ಕಂಬದ ಹಾಗೆ ನಿಂತದ್ದು ಯಾಕೆ? ಎಸೆಯುವಾಗ ಮೊಣಕಾಲು ಬಗ್ಗಿಸ್ಲಿಕ್ಕೆ ಗೊತ್ತಿಲ್ವಾ? ಮನೆಗೆ ಬಾ, ಕಲಿಸ್ತೇನೆ!”

ಬಾಸ್ಕೆಟ್‌ಬಾಲನ್ನು ಜನ್ಮದಲ್ಲಿ ನೋಡದಿದ್ದ ಅಪ್ಪ ಅವನ ಒಂದು ತಪ್ಪನ್ನೂ ಬಿಟ್ಟಿರಲಿಲ್ಲ. ಬಾಯಿ ಬೈಯುತ್ತಿತ್ತು, ಕೈ ಹೆಗಲ ಮೇಲಿನ ಶಾಲಿನಿಂದ ಅವನ ಕುತ್ತಿಗೆಯ ಬೆವರು ಒರೆಸುತ್ತಿತ್ತು. ಚಿತ್ತರಂಜನ ತಲೆ ತಗ್ಗಿಸಿ, “ತಪ್ಪಾಯ್ತು ಮಾವ,” ಎಂದ.

ಆಗ ನಾನು ಅವರ ಕಣ್ಣಿಗೆ ಬಿದ್ದೆ. ಅಪ್ಪನ ಸ್ವರ ಇಳಿಯಿತು.

“ಓ, ನೀನಾ. ಗೆದ್ದಿರಲ್ಲ, ಒಳ್ಳೆಯದಾಯ್ತು. ನಾಳೆ ನನಗೆ ಬರ್ಲಿಕ್ಕಾಗುವುದಿಲ್ಲ ಅಂತ ಅಮ್ಮನಿಗೆ ಹೇಳು.”

“ಅಪ್ಪ,” ಎಂದೆ. “ನಾನು ಎರಡು ಸುಲಭದ ಬಾಲು ತಪ್ಪಿಸಿದೆ.”

ಬೈಯಲಿ ಎಂದು ಕಾದೆ. ಮೊಣಕಾಲೋ, ಕೈಯೋ, ಕಣ್ಣೋ, ಏನಾದರೊಂದು ಹಿಡಿದು ನಾಲ್ಕು ಜನರೆದುರು ಒಮ್ಮೆ ಬೈದುಬಿಡಲಿ.

“ಅದೆಲ್ಲ ಆಗ್ತದೆ ಮಗಾ,” ಎಂದು ಅಪ್ಪ ನನ್ನ ಭುಜ ತಟ್ಟಿದರು. ಮನೆಗೆ ಬಂದ ನೆಂಟರ ಮಗನ ಭುಜವನ್ನೂ ಹೀಗೆಯೇ ತಟ್ಟುತ್ತಾರೆ.

ಆಮೇಲೆ ಚಿತ್ತರಂಜನನನ್ನು ಜಟಕಾ ಹತ್ತಿಸಿ ತಾವೂ ಹತ್ತಿದರು. ಗಾಡಿ ಹೊರಟ ಕೂಡಲೇ ಬೈಗುಳ ಮತ್ತೆ ಶುರುವಾಯಿತು. ಹಿಂದಿನಿಂದ ಹುಡುಗರು ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ನಾನು ಆ ಬೈಗುಳ ಕೇಳಿಸುವಷ್ಟು ಹೊತ್ತೂ ರಸ್ತೆಯಲ್ಲೇ ನಿಂತಿದ್ದೆ.